ಭುಜದ ಸಾಕ್ಷಿ

"ಒಳ್ಳೆ ಸುದ್ದಿ ಅಜ್ಜಿ," ಎಂದು ಯುನ್ಬಿ ದೂರದಿಂದಲೇ ಹೇಳಿಬಿಟ್ಟಳು. "ನಮ್ಮತ್ತೆ ಭುಜಕ್ಕೆ ಏನೂ ಆಗಿಲ್ವಂತೆ."

ಹಿಂದೆ ಬರುತ್ತಿದ್ದ ಇನ್ಸಿಲ್ ಇದ್ದಲ್ಲೇ ನಿಂತಳು. ಜೆಜು ದ್ವೀಪದ ಪೇಟೆಯ ಆಸ್ಪತ್ರೆಯಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಸೊಸೆಗೆ 'ಇದನ್ನ ಯಾರಿಗೂ ಹೇಳಬೇಡ' ಅನ್ನಬೇಕೆಂದುಕೊಂಡಿದ್ದಳು. ಹಾಗಂದರೆ ಅವಳು ಯಾಕೆ ಅಂತ ಕೇಳುತ್ತಾಳೆ. ಹಾಗಾಗಿ ಬಾಯಿ ಬಿಡಲಿಲ್ಲ.

ಸಮುದ್ರದ ದಂಡೆಯ ಕಲ್ಲುಗೋಡೆಯ ಮರೆಯಲ್ಲಿ ಬೆಂಕಿ ಆರುತ್ತ ಬಂದಿತ್ತು. ಕಡಲಿನಲ್ಲಿ ಮುಳುಗಿ ಚಿಪ್ಪು ಹೆಕ್ಕುವ ಹೆಂಗಸರೆಲ್ಲ ಮೈ ಕಾಯಿಸಿಕೊಂಡು ಮನೆ ಸೇರಿದ್ದರು. ಚುನ್ವೊಲ್ ಅಜ್ಜಿ ಒಬ್ಬಳೇ ಕಾಯುತ್ತಿದ್ದಳು. ಇನ್ಸಿಲ್‌ಳ ಬಲಭುಜವನ್ನು ಬಿಸಿ ಎಣ್ಣೆ ಹಚ್ಚಿ ತಿಕ್ಕದೆ ಅವಳಿಗೆ ಸಂಜೆಯೇ ಆಗುತ್ತಿರಲಿಲ್ಲ. ಹೆತ್ತ ಮಗಳಿಗೆ ಮಾಡಲಾಗದ್ದನ್ನು ಈ ಭುಜಕ್ಕೆ ಮಾಡುತ್ತಿದ್ದಳು. ಆ ಭುಜ ಕೆಟ್ಟದ್ದು ಮಗಳಿಗಾಗಿ ಅಲ್ಲವೇ?

ಮಗಳು ಮಾಲ್ಸುನ್ ಮತ್ತು ಇನ್ಸಿಲ್ ನೀರಿನ ಜೋಡಿ. ಅಲ್ಲಿ ಯಾರೂ ಒಂಟಿಯಾಗಿ ಇಳಿಯುವುದಿಲ್ಲ. ಮೂರು ವರ್ಷದ ಹಿಂದೆ, ತಳದಲ್ಲಿ ಬಿದ್ದಿದ್ದ ಹರಕು ಬಲೆಗೆ ಮಾಲ್ಸುನ್ ಕಾಲು ಸಿಕ್ಕಿಕೊಂಡಿತು. ಇನ್ಸಿಲ್ ಅವಳ ಕೈ ಹಿಡಿದು ಎಳೆದಳು. ಭುಜದೊಳಗೆ ಏನೋ ಕಿತ್ತುಬಂತು, ಕೈ ಜಾರಿತು. ಮಾಲ್ಸುನ್ ಜೀವಂತವಾಗಿ ಮೇಲೆ ಬರಲಿಲ್ಲ. ಭುಜ ಹರಿದು ಕೈ ಜಾರಿತೆಂದು ಇನ್ಸಿಲ್ ದಡಕ್ಕೆ ಬಂದು ಹೇಳಿದಳು. ಊರು ನಂಬಿತು, ಅವಳೂ ನಂಬಿದಳು. ಅಂದಿನಿಂದ ತಲೆ ಬಾಚಲೂ ಆ ಕೈ ಮೇಲೇಳದು.

"ಏನೂ ಆಗಿಲ್ಲ ಅಂದ್ರೆ?" ಅಜ್ಜಿ ಹುಬ್ಬೇರಿಸಿದಳು. "ನಿನ್ನೆ ಗಂಜಿ ಬಟ್ಟಲು ಎತ್ತೋಕಾಗ್ದೆ ಅತ್ತಳಲ್ಲೇ ಇವಳು."

"ಮೆದುಳಿನ ಫೋಟೋ ತೆಗೆದ್ರು ಅಜ್ಜಿ. ಹೆದರಿಕೆಗೊಂದು ಜಾಗ, ನೆನಪಿಗೊಂದು ಜಾಗ ಇರುತ್ತಂತೆ ಅದರಲ್ಲಿ. ಭುಜ ನೋಯ್ತಿದೆ, ನೋಯ್ತಿದೆ ಅಂತ ಅವೇ ಹೇಳ್ತಾ ಕೂತಿವೆಯಂತೆ."

"ಅಂದ್ರೆ ನಾಟಕ ಅಂತಾನಾ ಆ ಡಾಕ್ಟರು? ಬರಲಿ ಇಲ್ಲಿ, ಒಂದ್ಸಲ ನೀರಿಗೆ ಮುಳುಗಿಸ್ತೀನಿ."

"ಅಯ್ಯೋ, ಇಲ್ಲಜ್ಜಿ. ಕೈ ಸುಟ್ಕೊಂಡ್ರೆ ಆಗುತ್ತಲ್ಲ, ಅಷ್ಟೇ ನಿಜವಾದ ನೋವು ಅಂದ್ರು. ಭುಜ ಮಾತ್ರ ಗಟ್ಟಿಯಾಗಿದೆಯಂತೆ."

ಇನ್ಸಿಲ್ ಬೆಂಕಿಯ ಮುಂದೆ ಕುಕ್ಕರಿಸಿದಳು. ಅಜ್ಜಿ ಎಂದಿನಂತೆ ಬಿಸಿ ಎಣ್ಣೆ ಅದ್ದಿ ಅವಳ ಭುಜ ತಿಕ್ಕತೊಡಗಿದಳು. ಜನ ಆಸ್ಪತ್ರೆಗೆ ಹೋಗಿ ಏನೂ ಇಲ್ಲ ಅನ್ನಿಸಿಕೊಂಡು ನೆಮ್ಮದಿಯಾಗಿ ಬರುತ್ತಾರೆ. ಅವಳು ಮಾತ್ರ ಒಂದು ಗಾಯಕ್ಕಾಗಿ ಡಾಕ್ಟರನ್ನು ಬೇಡಿಕೊಂಡಿದ್ದಳು. 'ಹರಿದು, ಆಮೇಲೆ ಕೂಡಿಕೊಂಡಿರಬಹುದಲ್ವಾ?' ಎಂದು ಕೇಳಿದ್ದಳು. 'ಅಂಥಾದ್ದೇನಾದ್ರೂ ಆಗಿದ್ರೆ ಗುರುತು ಉಳಿಯುತ್ತೆ ಅಮ್ಮ. ನಿಮ್ಮ ಅದೃಷ್ಟ ಚೆನ್ನಾಗಿದೆ' ಎಂದು ಆತ ನಕ್ಕಿದ್ದ.

ಉಸಿರು ಮುಗಿಯುತ್ತ ಬಂದರೆ ಕೈಯಲ್ಲಿ ಏನಿದ್ದರೂ ಬಿಟ್ಟು ಮೇಲಕ್ಕೆ ಬಾ ಎಂದು ಅವಳಿಗೂ ಮಾಲ್ಸುನ್‌ಗೂ ಕಲಿಸಿದವಳು ಇದೇ ಅಜ್ಜಿ. ಎಷ್ಟೋ ದೊಡ್ಡ ಚಿಪ್ಪುಗಳನ್ನು ಹಾಗೆ ಬಿಟ್ಟು ಬಂದಿದ್ದರು. ಕೈಯಲ್ಲಿರುವುದು ಇನ್ನೊಂದು ಕೈಯಾದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಗಳಿಗೆಯಲ್ಲಿ ಕೈ ಜಾರಿತೋ, ತಾನೇ ಬಿಟ್ಟಳೋ? ಈವರೆಗೆ ಅವಳ ಪರವಾಗಿ ಭುಜವೇ ಉತ್ತರ ಹೇಳುತ್ತಿತ್ತು.

ಯುನ್ಬಿಗೆ ಇದ್ಯಾವುದರ ಪರಿವೆಯೂ ಇಲ್ಲ. "ಯಾವತ್ತೂ ಏನೂ ಹರಿದೇ ಇಲ್ವಂತೆ ಅಜ್ಜಿ. ಖುಷಿ ಪಡೋದು ಬಿಟ್ಟು ಇಬ್ರೂ ಯಾಕೆ ಹಿಂಗೆ ಮುಖ ಇಳಿಬಿಟ್ಕೊಂಡು ಕೂತಿದ್ದೀರಿ?"

ಭುಜದ ಮೇಲೆ ಓಡಾಡುತ್ತಿದ್ದ ಮುದಿ ಬೆರಳುಗಳು ನಿಂತವು. ಅಜ್ಜಿ ಎಣ್ಣೆಗೈಯನ್ನು ತನ್ನ ದಪ್ಪ ಬಟ್ಟೆಗೆ ನಿಧಾನವಾಗಿ ಒರೆಸಿಕೊಂಡಳು.

"ಯಾವತ್ತೂ ಅಂದ್ರೆ, ಆವತ್ತೂ," ಎಂದಳು.

ಇನ್ಸಿಲ್‌ಗೆ ಕುತ್ತಿಗೆಯಿಂದ ಮೊಣಕೈವರೆಗೆ ಕಾದ ಕಬ್ಬಿಣ ಎಳೆದಂತಾಯಿತು. ಇಷ್ಟು ನೋವು ಹಿಂದೆಂದೂ ಬಂದಿರಲಿಲ್ಲ. ಅಜ್ಜಿ ಏಳಲು ಹೊರಟಿದ್ದಳು. ಮಂಡಿ ಹಿಡಿದಿದ್ದ ಆಕೆಗೆ ಯಾರಾದರೂ ಆಸರೆ ಕೊಡದೆ ಏಳಲಾಗುತ್ತಿರಲಿಲ್ಲ. ಇನ್ಸಿಲ್ ಹಲ್ಲು ಕಚ್ಚಿ, ಬಲಗೈಯನ್ನೇ ಮುಂದೆ ಚಾಚಿದಳು.

ಅಜ್ಜಿ ಆ ಕೈಯನ್ನು ತುಸು ಹೊತ್ತು ನೋಡಿದಳು. ಆಮೇಲೆ ಗೋಡೆಯ ಕಲ್ಲುಗಳನ್ನು ತಡಕಿ, ಅವನ್ನೇ ಹಿಡಿದುಕೊಂಡು ಎದ್ದಳು.