ಹರಗೋಲಿನ ಅಂಚು

ಹರಗೋಲಿನ ಅಂಚಿಗೆ ಜೋತುಬಿದ್ದಿದ್ದ ತಮ್ಮ ಗೌತಮನ ಬೆರಳುಗಳ ಮೇಲೆ ಸಿದ್ದಾರ್ಥ ಹುಟ್ಟು ಎತ್ತಿ ಹೊಡೆದ. ಸಾಣಾಪುರ ಕೆರೆಯ ಮೇಲೆ ಆಲಿಕಲ್ಲು ಸುರಿಯುತ್ತಿತ್ತು. ಈಗಷ್ಟೇ ಬಿಸಿಲಿತ್ತು, ಅಷ್ಟರಲ್ಲಿ ಗುಡ್ಡದ ಸಂದಿಯಿಂದ ನುಗ್ಗಿದ ಗಾಳಿ ಗೌತಮನ ಕೆಂಪು ಕಯಾಕ್ ದೋಣಿಯನ್ನು ಮಗುಚಿ, ಅವನ ತಲೆಯನ್ನು ಬಂಡೆಗೆ ಅಪ್ಪಳಿಸಿತ್ತು.

“ಭಾವಾ, ಹೊಡೀಬ್ಯಾಡ್ರೀ! ನಿಮ್ಮ ತಮ್ಮ ಅದಾನ್ರೀ!” ದಡದಲ್ಲಿ ಗೌತಮನ ಹೆಂಡತಿ ಸುರೇಖಾ ಎದೆ ಬಡಿದುಕೊಂಡು ಚೀರಿದಳು. ಆ ಕಯಾಕು ಬಂದ ಮೇಲೆ ಪ್ರವಾಸಿಗರು ಸಿದ್ದಾರ್ಥನ ಹರಗೋಲಿನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬೆಳಿಗ್ಗೆ ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿದು ಬಡಿದಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

“ಬಿಡಲೇ! ಇಬ್ರೂ ಮುಳಗತೀವಿ!” ಎಂದು ಸಿದ್ದಾರ್ಥ ಕೂಗಿದ. ಹರಗೋಲು ವಾಲಿ ಒಳಗೆ ನೀರು ನುಗ್ಗುತ್ತಿತ್ತು. ಮುಳುಗುವವನಿಗೆ ಅಂಚು ಹಿಡಿಯಗೊಡಬಾರದು. ಹೊಡೆದು ಕೈ ಬಿಡಿಸಿ, ಹಿಂದಿನಿಂದ ಕೂದಲು ಹಿಡಿದು ಎಳೆಯಬೇಕು. ಅದು ಅಪ್ಪ ಇಬ್ಬರಿಗೂ ಕಲಿಸಿದ್ದ ಪಾಠ. ಸಿದ್ದಾರ್ಥ ಇನ್ನೊಮ್ಮೆ ಹೊಡೆದ. ಬೆರಳುಗಳು ಬಿಟ್ಟವು. ಹುಟ್ಟು ಮತ್ತೆ ಮೇಲೆದ್ದು ಗೌತಮನ ದವಡೆಯ ಮೇಲೆ ಬಿತ್ತು. ಸುತ್ತಲಿನ ನೀರು ಕೆಂಪಾಯಿತು. ಆಮೇಲೆ ಅವನು ತಮ್ಮನ ಕೂದಲಿಗೆ ಕೈ ಹಾಕಿದ.

ದಡಕ್ಕೆ ಎಳೆದು ತಂದಾಗ ಸುರೇಖಾ ಭಾವನ ಕಾಲು ಹಿಡಿದುಕೊಂಡಳು. “ತಪ್ಪು ತಿಳಕೊಂಡಿದ್ನಿರಿ. ಜೀವಾ ಉಳಿಸಿದ್ರಿ.” ಗೌತಮ ಮಗ್ಗುಲಾಗಿ ನೀರು ಕಾರಿದ, ರಕ್ತದ ಜೊತೆ ಒಂದು ಹಲ್ಲು ಉಗುಳಿದ, ಕಣ್ಣು ತೆರೆದು ಅಣ್ಣನನ್ನೇ ನೋಡಿದ.

“ಅಣ್ಣಾ, ನಾ ಕೈ ಬಿಟ್ಟಿದ್ನಲ್ಲ. ಮತ್ಯಾಕ ಹೊಡದಿ?”