ಅಳಿಸಿದ ಗೋಡೆ

ಕಸ್ತೂರಿ ತನ್ನ ಮೊಬೈಲನ್ನು ಅಂಗಡಿಯವನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು. ಹಳೆ ಸೀರೆಗಳ ತುಂಡು ಸೇರಿಸಿ ಅವ್ವ ಹೊಲಿದ ಕೌದಿಯ ಫೋಟೋ ಅದರಲ್ಲಿತ್ತು. ಮಾರಲೆಂದು ಕಸ್ತೂರಿಯೇ ತೆಗೆದು ವಾಟ್ಸಾಪಿನಲ್ಲಿ ಹಂಚಿದ್ದಳು. ಅಂಗಡಿಯವನು ಕೌದಿಯ ಹಿಂದೆ ಕಾಣುತ್ತಿದ್ದ ಅವರ ಮನೆಯ ಗೋಡೆ, ಕಿಟಕಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿ, ಬೆಳ್ಳಗೆ ಮಾಡಿ, ತನ್ನದೆಂದು ಜಾಹೀರಾತು ಹಾಕಿಕೊಂಡಿದ್ದ.

“‘ನಮ್ಮ ಮನೆಯವರೇ ಹೊಲಿದದ್ದು, ಬನ್ನಿ, ಕೊಳ್ಳಿ’ ಅಂತ ಬರದೀರಲ್ರಿ!” ಅವನ ಮೂಗುದನಿಯನ್ನೇ ಎಳೆದು ಅಣಕಿಸಿದಳು. “ಈಗ ನಾವು ಮಾರಾಕ ಹೋದ್ರ ನಮ್ಮನ್ನ ಕಳ್ಳರು ಅಂತಾರ. ಮೊದಲ ತಗೀರಿ ಅದನ್ನ!”

“ನಿಮ್ಮವ್ವ ಹೊಲದದ್ದು ಅನ್ನಾಕ ಸಾಕ್ಷಿ ಏನೈತಿ? ನಿಮ್ಮನಿ ಗ್ವಾಡಿ ಕಾಣತೈತೇನು?”

“ಗ್ವಾಡಿ ಅಳಿಸೀರಿ, ಕೈ ಹಂಗ ಬಿಟ್ಟೀರಿ! ಕೌದಿ ಮೂಲಿ ಹಿಡದ ಆ ಕೈ ನಮ್ಮವ್ವಂದು!”

ಅಂಗಡಿಯವನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಯತ್ತ ಬೆರಳು ತೋರಿಸಿ ಅಬ್ಬರಿಸಿದ. “ಅದು ನನ್ನ ಹೇಣ್ತಿ ಕೈ! ಹೊಲದಾಕಿನೂ ಅಕೀನ! ಕೇಳಿ ನೋಡು ಬೇಕಾದ್ರ!”

ಕಸ್ತೂರಿ ಬಾಯಿ ತೆರೆಯುವಷ್ಟರಲ್ಲಿ ಆ ಹೆಂಗಸೇ ಎದ್ದು ಬಂದು ಮೊಬೈಲ್ ಎತ್ತಿಕೊಂಡಳು. ಫೋಟೋದಲ್ಲಿದ್ದ ಕೈಯಷ್ಟನ್ನೇ ದೊಡ್ಡದು ಮಾಡಿ ದಿಟ್ಟಿಸಿ, ಅದನ್ನು ಗಂಡನ ಮುಖಕ್ಕೆ ಹಿಡಿದಳು.

“ಮುಂಗೈ ಮ್ಯಾಲ ‘ಫಕೀರಪ್ಪ’ ಅಂತ ಹಚ್ಚೆ ಐತಿ. ನಿಮ್ಮ ಹೆಸರು ಯಾವಾಗ ಬದಲಾತ್ರಿ?”