ಕಬ್ಬಿಣದ ಗಟ್ಟಿ

ಆರು ವರ್ಷದ ಹಿಂದೆ ಹುಲಿಗೆಮ್ಮನ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಕಾಲು ಜಾರಿ, ಕುದಿಯುವ ಕಬ್ಬಿಣದ ಕೊಪ್ಪರಿಗೆಗೆ ಬಿದ್ದುಹೋದ. ಹೆಣ ಸಿಗುವ ಮಾತೇ ಇರಲಿಲ್ಲ. ಕಾರ್ಖಾನೆಯವರು ಅದೇ ಕಬ್ಬಿಣದಲ್ಲಿ ಒಂದು ಗಟ್ಟಿ ಮಾಡಿಸಿ, "ಇದರಲ್ಲೇ ಇದ್ದಾನಮ್ಮ" ಎಂದು ಕೊಟ್ಟರು. ಅವಳು ಅದನ್ನು ಮಣ್ಣು ಮಾಡಿ, ಅಮಾವಾಸ್ಯೆಗೊಮ್ಮೆ ಅಲ್ಲಿ ಎಡೆ ಇಡುತ್ತ ಬಂದಳು. ಕಸ ಗುಡಿಸುವ ಕೆಲಸವನ್ನೂ ಕಾರ್ಖಾನೆಯೇ ಕೊಟ್ಟಿತು. ಗಂಡ ಸತ್ತಲ್ಲೇ ಹೇಗೆ ದುಡೀತೀ ಎಂದು ಯಾರಾದರೂ ಕೇಳಿದರೆ, "ಕಸ ಐತಿ, ಹೊಡೀತೀನಿ" ಎನ್ನುತ್ತಿದ್ದಳು.

ಇವತ್ತು ಹೊಸ ಸಭಾಂಗಣ ಗುಡಿಸುತ್ತಿದ್ದಾಗ, ಮೈಸೂರು ಕಡೆಯ ಎಂಜಿನಿಯರ್ ನಾಳೆ ಅತಿಥಿಗಳ ಮುಂದೆ ಮಾಡಬೇಕಾದ ಭಾಷಣವನ್ನು ಅವಳೆದುರು ಹೇಳಿ ಅಭ್ಯಾಸ ಮಾಡತೊಡಗಿದ.

"ಕರಗಿದ ಕಬ್ಬಿಣದ ಮೇಲೆ ಕಿಟ್ಟ ತೇಲುತ್ತಲ್ಲಮ್ಮ, ಮೊದಲು ಅದನ್ನ ಹೊರಗೆ ಗುಡ್ಡೆ ಹಾಕ್ತಿದ್ವಿ. ಈಗ ಪುಡಿ ಮಾಡಿ ಸಿಮೆಂಟ್ ಮಾಡ್ತೀವಿ. ಸುಣ್ಣಕಲ್ಲು ಸುಡೋದು ಉಳಿಯುತ್ತೆ, ಹೊಗೆ ಎಷ್ಟೋ ಕಮ್ಮಿ."

"ಕೊಪ್ಪರಿಗ್ಯಾಗ ಬ್ಯಾರೆ ಏನರ ಬಿದ್ರ, ಅದು ಕಬ್ಬಿಣದಾಗ ಉಳೀತೈತೇನ್ರೀ?"

"ಏನೇ ಬೀಳಲಿ, ಕಬ್ಬಿಣ ಒಳಗಿಟ್ಕೊಳ್ಳಲ್ಲ. ಸುಣ್ಣ, ಬೂದಿ ಎಲ್ಲಾ ಕಿಟ್ಟಕ್ಕೇ ಬರುತ್ತೆ."

ಕಸಬರಿಗೆ ನಿಂತಿತು.

"ಆರು ವರ್ಷದ ಹಿಂದಿನ ಕಿಟ್ಟ ಎಲ್ಲಿ ಹೋತ್ರೀ?"

"ಆ ಗುಡ್ಡೇನೇ ಮೊದಲು ಪುಡಿ ಮಾಡಿದ್ದು. ಅದರ ಸಿಮೆಂಟಲ್ಲೇ ಈ ನೆಲ ಹಾಕಿದ್ದು," ಎಂದು ಅವನು ಹೆಮ್ಮೆಯಿಂದ ಬೂಟುಗಾಲಲ್ಲಿ ನೆಲ ತಟ್ಟಿ ತೋರಿಸಿದ.

ಹುಲಿಗೆಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. ಚಪ್ಪಲಿ ಕಳಚಿ ಬಾಗಿಲಾಚೆ ಇಟ್ಟು ಬಂದಳು.

"ಬೂಟು ಬಿಚ್ರೀ, ಸಾಹೇಬ್ರ," ಎಂದಳು.